ನಕಲು ಪ್ರತಿಯ ಮಹತ್ವ: ಗಣಕಯಂತ್ರದ ಇತಿಹಾಸ ಕಲಿಸುವ ಪಾಠ

ನಮ್ಮ ಶಾಲೆಗಳಲ್ಲಿ 'ನಕಲು' ಎಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ಪರೀಕ್ಷೆಯಲ್ಲಿ ನಕಲು ಹೊಡೆಯುವುದು ಅಪರಾಧ. ಆದರೆ ಇದರ ಮೂಲ ಅರಬ್ಬಿಯ 'ನಕ್ಲ್'. ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಎಂಬ ಅರ್ಥವೂ ಅದಕ್ಕಿದೆ. ಮುದ್ರಣವಿಲ್ಲದ ಕಾಲದಲ್ಲಿ ಕಾತಿಬರು ಬರೆದ ಪ್ರತಿಗಳು ಊರಿಂದೂರಿಗೆ ಸಾಗಿದ್ದರಿಂದ ಎಷ್ಟೋ ಗ್ರಂಥಗಳು ಉಳಿದವು. 9ನೇ ಶತಮಾನದಲ್ಲಿ ಬಗ್ದಾದಿನ ಗಣಿತಜ್ಞ ಅಲ್-ಖ್ವಾರಿಝ್ಮಿ ಭಾರತೀಯ ಅಂಕಿಗಳ ಲೆಕ್ಕದ ಕುರಿತು ಬರೆದ ಗ್ರಂಥದ ಅರಬ್ಬೀ ಮೂಲ ಇಂದು ಲಭ್ಯವಿಲ್ಲ. ಲ್ಯಾಟಿನ್ ರೂಪ ಮಾತ್ರ ಉಳಿದಿದೆ. ಗಣಕಯಂತ್ರ ಶಾಸ್ತ್ರದ 'ಆಲ್ಗಾರಿದಮ್' ಎಂಬ ಪದ ಬಂದದ್ದು ಅವರ ಹೆಸರಿನಿಂದಲೇ.

ಗಣಕಯಂತ್ರಗಳು ಬಂದ ಮೇಲೂ ಈ ಅಗತ್ಯ ತಪ್ಪಲಿಲ್ಲ. 1952ರಲ್ಲಿ ಐಬಿಎಂ ಕಂಪನಿ ಮಾಹಿತಿ ಸಂಗ್ರಹಿಸುವ ಕಾಂತೀಯ ಟೇಪ್ ಯಂತ್ರವನ್ನು ಹೊರತಂದಿತು. 1956ರಲ್ಲಿ ಅದೇ ಕಂಪನಿಯ ಮೊದಲ ಹಾರ್ಡ್ ಡಿಸ್ಕ್ ಬಂತು. 50 ತಟ್ಟೆಗಳ ಆ ಬೃಹತ್ ಯಂತ್ರದಲ್ಲಿ ಹಿಡಿಸುತ್ತಿದ್ದುದು ಕೇವಲ 50 ಲಕ್ಷ ಅಕ್ಷರ. ಡಿಸ್ಕಿನಲ್ಲಿರುವುದನ್ನು ಟೇಪಿಗೆ ಇಳಿಸಿ ಬೇರೆಡೆ ಇಡುವ ಪದ್ಧತಿ ಕ್ರಮೇಣ ಬೆಳೆಯಿತು. ಇದನ್ನೇ ಬ್ಯಾಕಪ್ ಎನ್ನುತ್ತೇವೆ.

ಆದರೆ ಬ್ಯಾಕಪ್ ಇದೆ ಎಂದು ನಂಬುವುದು ಬೇರೆ, ಅದು ನಿಜಕ್ಕೂ ಇರುವುದು ಬೇರೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ತಪ್ಪಾಗಿ ಕೊಟ್ಟ ಒಂದು ಆದೇಶದಿಂದ 'ಟಾಯ್ ಸ್ಟೋರಿ 2' ಚಿತ್ರದ ಬಹುಪಾಲು ಕಡತಗಳು ಅಳಿಸಿಹೋದವು. ನೋಡಿದರೆ ಬ್ಯಾಕಪ್ ಕೂಡ ಸರಿಯಾಗಿ ಆಗಿರಲಿಲ್ಲ. ಮಗುವಿನ ಆರೈಕೆಗಾಗಿ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬವರ ಮನೆಯ ಗಣಕಯಂತ್ರದಲ್ಲಿ ಒಂದು ಪ್ರತಿ ಇತ್ತು. ಅದನ್ನು ಕಂಬಳಿ ಸುತ್ತಿ ಕಾರಿನಲ್ಲಿ ತರಲಾಯಿತು.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಇನ್ನೂ ದೊಡ್ಡ ಪಾಠ ದೊರೆಯಿತು. ಇಂಜಿನಿಯರೊಬ್ಬರು ಬೇರೆ ಸರ್ವರ್ ಎಂದು ಭಾವಿಸಿ ಮುಖ್ಯ ಸರ್ವರಿನ ದತ್ತಾಂಶವನ್ನೇ ಅಳಿಸಿದರು. ಹಲವು ಬಗೆಯ ಬ್ಯಾಕಪ್ ವ್ಯವಸ್ಥೆ ಇದ್ದರೂ ಒಂದೂ ನೆಚ್ಚುವಂತಿರಲಿಲ್ಲ. ಒಂದು ಬ್ಯಾಕಪ್ ವಿಫಲವಾಗುತ್ತಲೇ ಇತ್ತು. ಎಚ್ಚರಿಕೆಯ ಇ-ಮೇಲ್ ಯಾರಿಗೂ ತಲುಪುತ್ತಿರಲಿಲ್ಲ! ಆರು ಗಂಟೆ ಮುಂಚೆ ಬೇರೊಂದು ಕೆಲಸಕ್ಕಾಗಿ ತೆಗೆದಿದ್ದ ಪ್ರತಿಯೊಂದು ಸಂಸ್ಥೆಯನ್ನು ಉಳಿಸಿತು.

ಇಂದು ಒಂದೇ ಯಂತ್ರದೊಳಗೆ ಹಲವು 'ವರ್ಚುವಲ್ ಮಷೀನ್'ಗಳನ್ನು ನಡೆಸುತ್ತಾರೆ. ಐಬಿಎಂ 1972ರಲ್ಲೇ ಇಂಥ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತ್ತು. ಇಡೀ ಗಣಕಯಂತ್ರವೇ ಕೆಲವು ಕಡತಗಳಾಗಿರುವುದರಿಂದ ಅದರ ನಕಲು ಸುಲಭ. ಆದರೆ ಒಂದು ಡಿಸ್ಕ್ ಕೆಟ್ಟರೆ ಹಲವು ಯಂತ್ರಗಳು ಒಟ್ಟಿಗೆ ಹೋಗುತ್ತವೆ. ಅದೇ ಡಿಸ್ಕಿನಲ್ಲಿ ತೆಗೆದಿಡುವ 'ಸ್ನ್ಯಾಪ್‌ಶಾಟ್' ಆಗ ಉಪಯೋಗಕ್ಕೆ ಬಾರದು.

ಸ್ಥಳದ ಮಾತೂ ಹೀಗೆಯೇ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರ ಕಡತಗಳಿದ್ದ ಸುಮಾರು 858 ಟೆರಾಬೈಟ್ ಸಂಗ್ರಹ ನಾಶವಾಯಿತು. ಅದು ಬಹಳ ದೊಡ್ಡದೆಂಬ ಕಾರಣಕ್ಕೆ ಹೊರಗೆಲ್ಲೂ ಪ್ರತಿ ಇಟ್ಟಿರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದುವರಿದ ದೇಶದ ಕಥೆಯೇ ಹೀಗಾದರೆ ನಮ್ಮ ಪಾಡೇನು?

ವಿದ್ಯಾರ್ಥಿ ಮಿತ್ರರೇ, ನಿಮ್ಮ ಪ್ರಾಜೆಕ್ಟ್ ವರದಿ, ಶಾಲೆಯ ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿದಾರರ ಪಟ್ಟಿ, ನುಡಿಯಲ್ಲೋ ಇನ್‌ಪೇಜಿನಲ್ಲೋ ಅಕ್ಷರ ಜೋಡಿಸಿದ ಲೇಖನ, ಇವೆಲ್ಲ ಒಂದೇ ಕಡೆ ಇವೆಯೇ ಎಂದು ಪರೀಕ್ಷಿಸಿರಿ. ಬಲ್ಲವರು ಹೇಳುವ ಸೂತ್ರ ಸರಳ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಲ್ಯಾಪ್‌ಟಾಪಿನ ಚೀಲದಲ್ಲೇ ಪೆನ್‌ಡ್ರೈವ್ ಇಟ್ಟರೆ ಚೀಲದೊಂದಿಗೆ ಎರಡೂ ಹೋಗುತ್ತವೆ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು ಓದಿ ನೋಡಿರಿ. ತೆರೆಯಲಾಗದ ಪ್ರತಿ ಇದ್ದೂ ಇಲ್ಲದಂತೆ. ಒಬ್ಬ ಬಡ ವಿದ್ಯಾರ್ಥಿಯ ಅರ್ಜಿ ಕಳೆದುಹೋದರೆ ಅವನ ಒಂದು ವರ್ಷವೇ ಹೋದೀತು. ಪರೀಕ್ಷೆಯಲ್ಲಿ ನಕಲು ಬೇಡ. ಕಡತಗಳ ವಿಷಯದಲ್ಲಿ ಅದು ನಮ್ಮ ಕರ್ತವ್ಯ.