ವೇದನೆಗೆ ಕವಚ

ಕನ್ನಡದ ಪ್ರಾಚೀನ ಗದ್ಯಕೃತಿಯಾದ ವಡ್ಡಾರಾಧನೆಯ 19 ಕಥೆಗಳಿಗೆ ಪ್ರಾಕೃತದ ಭಗವತೀ ಆರಾಧನೆಯ ಕವಚ ಪ್ರಕರಣವೇ ಆಧಾರ. ಸಲ್ಲೇಖನೆಯಲ್ಲಿರುವ ಕ್ಷಪಕನು ವೇದನೆಯಿಂದ ಕಂಗೆಟ್ಟಾಗ ನಿರ್ಯಾಪಕಾಚಾರ್ಯರು ಅವನನ್ನು ಗದರಿಸಬಾರದು, ತೊರೆಯಬಾರದು; ಹಿಂದಿನ ಮಹಾಪುರುಷರ ಸೈರಣೆಯನ್ನು ನೆನಪಿಸಿ ಧೈರ್ಯ ತುಂಬಬೇಕು. ಈ ಕವಚವು ವೇದನೆಯನ್ನು ಮರೆಸುವ ತೆರೆಯಲ್ಲ, ಎದುರಿಸುವ ಬಲ.

ವೈದ್ಯರು ಬಾರ್ಡರ್‌ಲೈನ್ ವ್ಯಕ್ತಿತ್ವದೋಷವೆಂದು ಕರೆಯುವ ವ್ಯಾಧಿಯು 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ಸೇರಿತು. ಪರಿತ್ಯಕ್ತರಾಗುವ ಭಯ, ಲಜ್ಜೆ, ಶೂನ್ಯಭಾವಗಳ ಉರಿಯನ್ನು ತಾಳಲಾರದೆ ರೋಗಿಗಳಲ್ಲಿ ಅನೇಕರು ತಮ್ಮ ದೇಹವನ್ನೇ ಗಾಯಗೊಳಿಸಿಕೊಳ್ಳುತ್ತಾರೆ, ಇಲ್ಲವೆ ಮಾದಕಗಳಿಗೆ ಶರಣಾಗುತ್ತಾರೆ. ಕ್ಷಣಕಾಲ ಉಪಶಮನ, ಬಳಿಕ ಅದೇ ವೇದನೆ ಮತ್ತೆ ಮರಳುತ್ತದೆ. ಮಾರ್ಷಾ ಲಿನೆಹನ್ 1993ರಲ್ಲಿ ಪ್ರಕಟಿಸಿದ ಚಿಕಿತ್ಸಾಗ್ರಂಥವು ಭಾವವನ್ನು ಓಡಿಹೋಗದೆ ಗಮನಿಸುವ ಅಭ್ಯಾಸವನ್ನು ಬೋಧಿಸಿತು. ಹರೆಯದಲ್ಲಿ ತಾವೂ ಮಾನಸಿಕ ಆಸ್ಪತ್ರೆಯಲ್ಲಿದ್ದುದನ್ನು ಆಕೆ 2011ರಲ್ಲಿ ಬಹಿರಂಗಪಡಿಸಿದರು.

ಆದರೆ ಪರೀಷಹಜಯವು ಪಕ್ವಸಾಧಕರ ವ್ರತವೇ ಹೊರತು ರೋಗಿಯನ್ನು ಅಳೆಯುವ ಮಾನದಂಡವಲ್ಲ. ದೇಹವನ್ನು ಕೊಯ್ದುಕೊಳ್ಳುವುದು ತಪಸ್ಸಲ್ಲ. ಒಳಗಿನ ಕೂಗನ್ನು ಅಡಗಿಸಲೆಂದು ಹಠಾತ್ತಾಗಿ ಹಿಡಿದ ಉಪವಾಸವೂ ತಪಸ್ಸಲ್ಲ. ತತ್ತ್ವಾರ್ಥಸೂತ್ರವು ತಪಸ್ಸನ್ನು ಶಕ್ತ್ಯನುಸಾರ ಆಚರಿಸಬೇಕೆನ್ನುತ್ತದೆ. ಬಸದಿಯಲ್ಲಿ ಕಠಿಣ ನಿಯಮ ಬೇಡಿ ಬಂದ ತರುಣರ ಕಾರಣವನ್ನು ಹಿರಿಯರು ಸಮಾಧಾನದಿಂದ ವಿಚಾರಿಸುವುದು ಧರ್ಮವಿರೋಧವಲ್ಲ.

ಚಿಂತಾಮಣಿ, ಶಿಡ್ಲಘಟ್ಟಗಳ ಶ್ರಾವಕ ಕುಟುಂಬಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ದೂರವಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ನೆರವು 14416 ಸಂಖ್ಯೆಯಲ್ಲಿ ದೊರೆಯುತ್ತದೆ. ಮನೆಯ ಮಗಳ ವ್ಯಾಧಿಯನ್ನು ಲೋಕಾಪವಾದಕ್ಕೆ ಅಂಜಿ ಬಚ್ಚಿಡುವುದೂ ವೇದನೆಯಿಂದ ಪಲಾಯನವೇ. ಅವಳ ಪಕ್ಕದಲ್ಲಿ ಕುಳಿತು ಕೇಳುವುದು, ಚಿಕಿತ್ಸೆಗೆ ಕರೆದೊಯ್ಯುವುದು ವೈಯಾವೃತ್ಯ. ಆಗಮಗಳು ಅದನ್ನು ಅಂತರಂಗ ತಪಸ್ಸುಗಳಲ್ಲಿ ಎಣಿಸಿವೆ.