ಹಳದಿಯ ಮೂರು ಸೆಕೆಂಡು

ಕಳೆದ ಮಳೆಗಾಲದ ಒಂದು ಸಂಜೆ ಬೆಂಗಳೂರಿನ ದೊಡ್ಡ ಜಂಕ್ಷನ್ ಒಂದರಲ್ಲಿ ಹಳದಿ ದೀಪ ಕಂಡು ಸ್ಕೂಟರಿಗೆ ಬ್ರೇಕ್ ಹಾಕಿದೆ. ಹಿಂದಿದ್ದ ಆಟೋ ಬಂದು ಗುದ್ದಿತು. ಸ್ಕೂಟರಿನ ಹಿಂದಿನ ದೀಪ ಒಡೆಯಿತು, ಅಷ್ಟೆ. ಆಟೋದವರು ಇಳಿದು ಬಂದರು. ಬೈಯುತ್ತಾರೆಂದುಕೊಂಡರೆ ನಿಜವಾದ ಆಶ್ಚರ್ಯದಿಂದ ಕೇಳಿದರು, "ಏನ್ ಮೇಡಂ, ಹಳದಿಗೆಲ್ಲಾ ಯಾರಾದ್ರೂ ನಿಲ್ಲಿಸ್ತಾರಾ?" ಎರಡು ವಾರದ ನಂತರ ಅದೇ ಜಾಗದಲ್ಲಿ ಅವರ ಮಾತು ನೆನಪಾಗಿ ನಿಲ್ಲಿಸದೆ ಹೋದೆ. ನಾಲ್ಕನೇ ದಿನ ಫೋಟೊ ಸಮೇತ ದಂಡದ ಸಂದೇಶ ಮೊಬೈಲಿಗೆ ಬಂತು. ನಿಂತರೂ ತಪ್ಪು, ಹೋದರೂ ತಪ್ಪು.

ನಾನು ಪಿಎಚ್‌ಡಿ ಮಾಡುತ್ತಿರುವುದು ನಗರ ಚರಿತ್ರೆಯಲ್ಲಿ. ಪ್ರಬಂಧದ ಅಧ್ಯಾಯ ಬರೆಯಬೇಕಾದ ದಿನಗಳಲ್ಲಿ ದೀಪದ ಕಂಬಗಳ ಹಿಂದೆ ಬಿದ್ದಿದ್ದೀಯಲ್ಲ ಎಂದು ನನ್ನ ಮಾರ್ಗದರ್ಶಕರು ನಕ್ಕರು. ಆದರೆ ಕೆಂಪು, ಹಸಿರುಗಳ ನಡುವೆ ಈ ಮೂರನೆಯದು ಯಾವಾಗ ಬಂತು, ಯಾಕೆ ಬಂತು ಎಂಬುದು ತಿಳಿಯದೆ ಆ ದಂಡ ಕಟ್ಟಲು ನನಗೆ ಮನಸ್ಸಾಗಲಿಲ್ಲ.

ಸಂಚಾರ ದೀಪದ ಕಥೆ ಮೋಟಾರು ಕಾರಿಗಿಂತ ಹಳೆಯದು. 1868ರ ಡಿಸೆಂಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಹತ್ತಿರ, ಜೆ. ಪಿ. ನೈಟ್ ಎಂಬ ರೈಲ್ವೆ ಎಂಜಿನಿಯರ್ ರೂಪಿಸಿದ ಕಂಬವೊಂದನ್ನು ನೆಟ್ಟರು. ಹಗಲಿನಲ್ಲಿ ರೈಲಿನ ಕೈಕಂಬದ ಹಾಗೆ ಏರಿಳಿಯುವ ತೋಳುಗಳು, ರಾತ್ರಿ ಕೆಂಪು ಮತ್ತು ಹಸಿರು ಗ್ಯಾಸ್ ದೀಪ. ಪಕ್ಕದಲ್ಲಿ ನಿಂತ ಪೊಲೀಸಿನವನು ಕೈಯಿಂದಲೇ ಅದನ್ನು ತಿರುಗಿಸಬೇಕಿತ್ತು. ನನಗೆ ಹಿಡಿಸಿದ್ದು ಬೇರೊಂದು ಸಂಗತಿ. ಅಲ್ಲಿನ ಹಸಿರಿಗೆ 'ಹೋಗು' ಎಂಬ ಅರ್ಥವೇ ಇರಲಿಲ್ಲ. 'ದಾಟುವವರಿದ್ದಾರೆ, ಜೋಪಾನವಾಗಿ ಹೋಗು' ಎಂದಿತ್ತು. ಕೆಂಪು ಬರುತ್ತಿದ್ದದ್ದು ಕಾಲ್ನಡಿಗೆಯವರು ನಿಜಕ್ಕೂ ದಾಟಬೇಕಾದಾಗ ಮಾತ್ರ. ಅಂದರೆ ಮೊತ್ತಮೊದಲ ಸಿಗ್ನಲ್ಲಿನ ಹಸಿರು ದೀಪ ಇಂದಿನ ಹಳದಿಯ ಕೆಲಸ ಮಾಡುತ್ತಿತ್ತು! ಕೆಲವೇ ವಾರಗಳಲ್ಲಿ, 1869ರ ಜನವರಿಯಲ್ಲಿ, ಗ್ಯಾಸ್ ಸೋರಿ ಅದು ಸ್ಫೋಟಿಸಿತು. ಪೊಲೀಸಿನವನಿಗೆ ಗಾಯವಾಯಿತು, ಲಂಡನ್ ಆ ಸಹವಾಸವನ್ನೇ ಬಿಟ್ಟಿತು.

ಮುಂದಿನ ದೊಡ್ಡ ಹೆಜ್ಜೆ ಅಮೆರಿಕದ್ದು. 1914ರ ಆಗಸ್ಟ್ 5ರಂದು ಕ್ಲೀವ್‌ಲ್ಯಾಂಡ್ ನಗರದಲ್ಲಿ ವಿದ್ಯುತ್ ಸಿಗ್ನಲ್ ಬಂತು. ಆಗಲೂ ಬಣ್ಣ ಎರಡೇ. ಬಣ್ಣ ಬದಲಾಗುವ ಮುನ್ನ ಒಂದು ಬಜರ್ ಕೂಗುತ್ತಿತ್ತು. ಹಳದಿ ಆಗ ಬಣ್ಣವಾಗಿರಲಿಲ್ಲ, ಸದ್ದಾಗಿತ್ತು. ಎಂಜಿನ್ನು, ಹಾರ್ನುಗಳ ಗದ್ದಲದ ನಡುವೆ ಸದ್ದನ್ನು ನಂಬಿಕೊಂಡು ಎಷ್ಟು ಕಾಲ ನಡೆದೀತು? 1920ರಲ್ಲಿ ಡೆಟ್ರಾಯಿಟ್ಟಿನ ಪೊಲೀಸ್ ಅಧಿಕಾರಿ ವಿಲಿಯಂ ಪಾಟ್ಸ್ ನಾಲ್ಕು ದಿಕ್ಕಿಗೂ ಮುಖ ಮಾಡಿದ ಮೂರು ಬಣ್ಣದ ದೀಪವನ್ನು ನಿಲ್ಲಿಸಿದರು. ಮೂರು ವರ್ಷಗಳ ನಂತರ ಗ್ಯಾರೆಟ್ ಮಾರ್ಗನ್ ಎಂಬ ಕಪ್ಪು ಸಂಶೋಧಕ ಪಡೆದ ಪೇಟೆಂಟಿನಲ್ಲಿ ಎಲ್ಲ ದಿಕ್ಕಿನ ವಾಹನಗಳನ್ನೂ ಒಟ್ಟಿಗೆ ತಡೆಯುವ ಸ್ಥಿತಿಯೊಂದಿತ್ತು. ಒಬ್ಬರು ಹೊರಟುಹೋಗಲು, ಇನ್ನೊಬ್ಬರು ಹೊರಡುವ ಮುನ್ನ, ಒಂದಿಷ್ಟು ಬಿಡುವು ಬೇಕೆಂದು ಇಬ್ಬರಿಗೂ ಹೊಳೆದಿತ್ತು. ಆ ಬಿಡುವು ಎಷ್ಟಿರಬೇಕು ಎಂಬ ಲೆಕ್ಕಕ್ಕೆ ಒಂದು ಗಟ್ಟಿ ಸೂತ್ರ ಸಿಗಲು ಇನ್ನೂ ನಾಲ್ಕು ದಶಕ ಹಿಡಿಯಿತು.

1960ರಲ್ಲಿ ಜನರಲ್ ಮೋಟಾರ್ಸ್ ಪ್ರಯೋಗಾಲಯದ ಡೆನೋಸ್ ಗಾಜಿಸ್, ರಾಬರ್ಟ್ ಹರ್ಮನ್, ಅಲೆಕ್ಸಿ ಮರದುದಿನ್ ಈ ಲೆಕ್ಕದ ಮೇಲೊಂದು ಪ್ರಬಂಧ ಪ್ರಕಟಿಸಿದರು. ಈ ಹರ್ಮನ್ ಸಾಮಾನ್ಯ ಆಸಾಮಿಯಲ್ಲ. ಬ್ರಹ್ಮಾಂಡ ಹುಟ್ಟಿದಾಗಿನ ಶಾಖದ ಉಳಿಕೆ ಇಂದಿಗೂ ಆಕಾಶದಲ್ಲಿ ಇರಲೇಬೇಕೆಂದು 1948ರಲ್ಲಿ ಆಲ್ಫರ್ ಜೊತೆ ಊಹಿಸಿದ್ದ ಭೌತವಿಜ್ಞಾನಿ. ಅಂಥವರು ಹಳದಿ ದೀಪಕ್ಕೆ ತಲೆ ಕೆಡಿಸಿಕೊಂಡರಲ್ಲ ಎಂಬುದೇ ನನಗೊಂದು ಸಮಾಧಾನ.

ಅವರ ವಾದವನ್ನು ನನ್ನ ರಸ್ತೆಗೆ ತಂದು ನೋಡುತ್ತೇನೆ. ಗಂಟೆಗೆ 50 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಹಳದಿ ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡು ಬೇಕು. ಅಲ್ಲಿಂದ ಹಿತವಾಗಿ ಬ್ರೇಕ್ ಹಿಡಿದು ನಿಲ್ಲಲು ಒಟ್ಟು 46 ಮೀಟರ್ ಜಾಗ ಬೇಕು. ನಾನು ದಂಡ ತೆತ್ತ ಸಿಗ್ನಲ್ಲಿನ ಹಳದಿಯನ್ನು ಮೊಬೈಲಿನಲ್ಲಿ ಹತ್ತಾರು ಸಲ ಅಳೆದಿದ್ದೇನೆ, ಮೂರು ಸೆಕೆಂಡು. ಆ ಮೂರು ಸೆಕೆಂಡಿನಲ್ಲಿ ಇದೇ ವೇಗದವರು ಕ್ರಮಿಸುವುದು 42 ಮೀಟರಿಗೂ ಕಡಿಮೆ. ಹಾಗಾದರೆ ಗೆರೆಯಿಂದ 44 ಮೀಟರ್ ದೂರದಲ್ಲಿರುವಾಗ ಹಳದಿ ಬಿದ್ದರೆ? ಗೆರೆಯ ಹಿಂದೆ ಹಿತವಾಗಿ ನಿಲ್ಲಲಾಗದು, ಕೆಂಪಿನ ಒಳಗೆ ಗೆರೆ ದಾಟಲೂ ಆಗದು. ಆ ಮೂವರು ತೋರಿಸಿದ ಇಕ್ಕಟ್ಟಿನ ಜಾಗ ಇದು. ಸವಾರ ಎಷ್ಟೇ ಸಜ್ಜನನಾಗಿದ್ದರೂ ಇಲ್ಲಿ ಕಾನೂನು ಪಾಲಿಸಲಾಗದಂತೆ ಮಾಡಿಟ್ಟವರು ದೀಪಕ್ಕೆ ಸೆಕೆಂಡು ಹಂಚಿದವರು.

ಆದರೂ ಸೋತದ್ದಕ್ಕೆ ದಂಡ ಸವಾರನಿಗೇ. ಅಮೆರಿಕದ ಆರೆಗನ್ ರಾಜ್ಯದಲ್ಲಿ ಮ್ಯಾಟ್ಸ್ ಯಾರ್ಲ್‌ಸ್ಟ್ರೋಮ್ ಎಂಬವರ ಹೆಂಡತಿಗೆ 2013ರಲ್ಲಿ ಕ್ಯಾಮೆರಾ ದಂಡ ಬಿತ್ತು. ಅವರು ಕೂತು ಲೆಕ್ಕ ಹಾಕಿದರು. ತಿರುವು ತೆಗೆದುಕೊಳ್ಳುವವರು ಮೊದಲೇ ವೇಗ ತಗ್ಗಿಸಬೇಕು, ಹಾಗಾಗಿ ಗೆರೆ ತಲುಪಲು ಅವರಿಗೆ ಹೆಚ್ಚು ಸಮಯ ಬೇಕು, ಹಳೆಯ ಸೂತ್ರದಲ್ಲಿ ಅದಕ್ಕೆ ಜಾಗವೇ ಇಲ್ಲ ಎಂದರು. ರಾಜ್ಯದ ಎಂಜಿನಿಯರಿಂಗ್ ಮಂಡಳಿ ಏನು ಮಾಡಿತು ಗೊತ್ತೆ? ಪರವಾನಗಿಯಿಲ್ಲದೆ ಎಂಜಿನಿಯರಿಂಗ್ ಮಾಡಿದ್ದಾರೆಂದು ಅವರಿಗೇ 500 ಡಾಲರ್ ದಂಡ ಹಾಕಿತು. 2018ರಲ್ಲಿ ನ್ಯಾಯಾಲಯ ಯಾರ್ಲ್‌ಸ್ಟ್ರೋಮ್ ಪರ ನಿಂತಿತು. 2020ರಲ್ಲಿ ಅಲ್ಲಿನ ಸಾರಿಗೆ ಎಂಜಿನಿಯರುಗಳ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ತಿರುಗುವವರ ಲೆಕ್ಕವನ್ನೂ ಸೇರಿಸಿತು. ಸೂತ್ರದ ಜನಕರ ಪೈಕಿ ಬದುಕಿದ್ದ ಮರದುದಿನ್ ಕೂಡ ಅವರ ಪರವಾಗಿ ಬರೆದಿದ್ದರು.

ಸರಿ, ಸವಾರರು ಏನು ಮಾಡಬೇಕು? 1968ರ ವಿಯೆನ್ನಾ ಒಪ್ಪಂದದ ಮಾತು ಸರಳವಾಗಿದೆ. ಹಳದಿ ಬಂದರೆ ಗೆರೆಯ ಹಿಂದೆ ನಿಲ್ಲಿಸಬೇಕು. ಸುರಕ್ಷಿತವಾಗಿ ನಿಲ್ಲಿಸಲಾಗದಷ್ಟು ಹತ್ತಿರವಿದ್ದರೆ ಮಾತ್ರ ಹೋಗಬಹುದು. ಈ 'ಹತ್ತಿರ' ಎಷ್ಟೆಂಬುದನ್ನು ಆ ಕ್ಷಣದಲ್ಲಿ ಸವಾರರೇ ತೀರ್ಮಾನಿಸಬೇಕು, ಹಿಂದೆ ಬರುವವರೂ ಅದನ್ನೇ ತೀರ್ಮಾನಿಸಿರಬೇಕು. ನನ್ನ ಸ್ಕೂಟರಿನ ದೀಪ ಒಡೆದದ್ದು ಆ ಎರಡು ತೀರ್ಮಾನಗಳು ಬೇರೆಯಾದ್ದರಿಂದ. ಹಸಿರಿನ ಸೆಕೆಂಡು ತೋರಿಸುವ ಟೈಮರಿನಿಂದಲೂ ಇದು ಸರಿಹೋಗಿಲ್ಲ. ನಾಲ್ಕು ಎಂದು ಕಂಡೊಡನೆ ಅರ್ಧ ಜನ ನಿಧಾನಿಸುತ್ತಾರೆ, ಇನ್ನರ್ಧ ಜನ ಆಕ್ಸಿಲರೇಟರ್ ತಿರುಗಿಸುತ್ತಾರೆ.

ಒಂದು ಭಾನುವಾರ ಬೆಳಿಗ್ಗೆ ರಸ್ತೆ ಖಾಲಿಯಿದ್ದಾಗ ಅದೇ ಸಿಗ್ನಲ್ಲಿಗೆ ಹೋಗಿ ಗೆರೆಯಿಂದ ಹಿಂದಕ್ಕೆ ಫುಟ್‌ಪಾತಿನ ಮೇಲೆ ಟೇಪು ಹಿಡಿದು ಅಳೆದೆ. 40ರ ವೇಗದಲ್ಲಿ ನಿಲ್ಲಲು ಬೇಕಾದ ಜಾಗ 32 ಮೀಟರ್, ಮೂರು ಸೆಕೆಂಡಿನಲ್ಲಿ ಕ್ರಮಿಸುವುದು 33. ಈ ವೇಗದಲ್ಲಿ ಇಕ್ಕಟ್ಟೇ ಇಲ್ಲ. ಆ 32 ಮೀಟರಿಗೆ ಸರಿಯಾಗಿ ಒಂದು ಎಳನೀರಿನ ಗಾಡಿ ನಿಲ್ಲುತ್ತದೆ. ಈಗ 40 ದಾಟುವುದಿಲ್ಲ. ಗಾಡಿ ಇನ್ನೂ ಮುಂದಿರುವಾಗ ಹಳದಿ ಬಂದರೆ ಕನ್ನಡಿ ನೋಡಿಕೊಂಡು ನಿಲ್ಲಿಸುತ್ತೇನೆ, ಗಾಡಿ ದಾಟಿದ್ದರೆ ಅದೇ ವೇಗದಲ್ಲಿ ಹೋಗುತ್ತೇನೆ. ಅಳೆಯುವುದನ್ನೇ ನೋಡುತ್ತಿದ್ದ ಎಳನೀರಿನವರು ಕೇಳಿದರು, "ಏನಮ್ಮಾ, ರೋಡ್ ಅಗಲ ಮಾಡ್ತಾರಾ? ನಮ್ಮನ್ನ ಇಲ್ಲಿಂದ ಎಬ್ಬಿಸ್ತಾರಾ?"