ಮುರಿದ ಬಿಡಿಭಾಗದ ದುಡ್ಡು ಯಾರು ಕೊಡಬೇಕು? ತೋಟಾ ತುಂಬುವ ಪ್ರೆಸ್ಸಿನ ಕಥೆ

ಬಂದೂಕಿನಿಂದ ಗುಂಡು ಹಾರಿದ ಮೇಲೆ ಹೊರಬೀಳುವ ಹಿತ್ತಾಳೆ ಚಿಪ್ಪು ಕಸ ಅಂತ ನಾವು ಅಂದುಕೊಳ್ಳುತ್ತೇವೆ. 1870ರ ದಶಕದಲ್ಲಿ ಅಮೆರಿಕದ ಹುಲ್ಲುಗಾವಲಿನಲ್ಲಿ ಬೈಸನ್ ಬೇಟೆಯಾಡುತ್ತಿದ್ದವರಿಗೆ ಅದು ಕಸವಾಗಿರಲಿಲ್ಲ. ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆ ಚಿಪ್ಪು, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಸೀಸದ ಗುಂಡು. ಹೊಡೆದ ಮೇಲೂ ಚಿಪ್ಪು ಗಟ್ಟಿಯಾಗಿಯೇ ಉಳಿಯುತ್ತದೆ. ಅಂಗಡಿ ಇರುವ ಊರು ಎಷ್ಟೋ ದಿನದ ದಾರಿ. ಹಾಗಾಗಿ ಬೇಟೆಗಾರರು ರಾತ್ರಿ ಬೆಂಕಿಯ ಮುಂದೆ ಕೂತು, ಖಾಲಿ ಚಿಪ್ಪಿಗೆ ಮತ್ತೆ ಮದ್ದು ತುಂಬಿಕೊಳ್ಳುತ್ತಿದ್ದರು.

ಈ ಕೆಲಸಕ್ಕೆ ಬೇಕಾದ ಸಲಕರಣೆಯನ್ನೇ ವ್ಯಾಪಾರ ಮಾಡಿಕೊಂಡವರು ಜಾನ್ ಬಾರ್ಲೋ. 1884ರಲ್ಲಿ ಕನೆಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ಐಡಿಯಲ್ ಎಂಬ ಕಂಪನಿ ಶುರುಮಾಡಿದರು. ಅವರ ಸಲಕರಣೆ ನೋಡಲು ನಮ್ಮ ಅಡಕತ್ತರಿಯಂತೆಯೇ ಇತ್ತು. ಎರಡು ಹಿಡಿ, ನಡುವೆ ಚಿಪ್ಪು ಇಟ್ಟು ಒತ್ತುವುದು, ಅಷ್ಟೇ. ಅದರ ಜೊತೆಗೆ ಒಂದು ಕೈಪಿಡಿಯನ್ನೂ ಅಚ್ಚು ಹಾಕಿಸಿದರು. ಯಾವ ಬಂದೂಕಿಗೆ ಯಾವ ಗುಂಡು, ಹೇಗೆ ತುಂಬಬೇಕು ಎಂಬ ವಿವರವೆಲ್ಲ ಅದರಲ್ಲಿತ್ತು. ಗಿರಾಕಿ ನೂರಾರು ಮೈಲಿ ದೂರದಲ್ಲಿರುವಾಗ ಆ ಪುಸ್ತಕವೇ ಕಂಪನಿಯ ಪ್ರತಿನಿಧಿ. 1925ರಲ್ಲಿ ಈ ವ್ಯವಹಾರ ಲೈಮನ್ ಕಂಪನಿಯ ಕೈ ಸೇರಿತು.

ಇಲ್ಲಿ ಒಂದು ವಿಷಯ ತಿಳಿಯದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ರಾಗಿ ಮಿಲ್ಲು ಕೆಟ್ಟರೆ ಹಿಟ್ಟು ತರಿಯಾಗುತ್ತದೆ, ಮತ್ತೊಮ್ಮೆ ಹಾಕಿಸಬಹುದು. ತೋಟಾ ತುಂಬುವ ಪ್ರೆಸ್ ಹಾಗಲ್ಲ. ಯಂತ್ರ ತಪ್ಪಿ ಒಂದು ಚಿಪ್ಪಿಗೆ ಮದ್ದೇ ಬೀಳಲಿಲ್ಲ ಅಂದುಕೊಳ್ಳಿ. ಬರೀ ಕೇಪಿನ ಬಲಕ್ಕೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಅದು ಗೊತ್ತಾಗದೆ ಇನ್ನೊಂದು ಹೊಡೆದರೆ ನಳಿಗೆಯೇ ಒಡೆಯಬಹುದು. ಎರಡು ಸಲ ಮದ್ದು ಬಿದ್ದರೆ ಬಂದೂಕು ಕೈಯಲ್ಲೇ ಸಿಡಿಯಬಹುದು. ಹೋಗುವುದು ಕಣ್ಣು, ಬೆರಳು. ಹೀಗಾಗಿ ಒಂದು ಸಣ್ಣ ಸ್ಪ್ರಿಂಗ್ ಸವೆದಿದ್ದರೂ ಗಿರಾಕಿಗೆ ಬೇಗ ಉತ್ತರ ಬೇಕು.

(ಓದಿ ಯಾರೂ ಪ್ರಯೋಗಕ್ಕೆ ಇಳಿಯಬೇಡಿ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.)

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಕಾರ್ಖಾನೆಗಳ ಮಾಲೆಲ್ಲ ಸೈನ್ಯಕ್ಕೆ ಹೋಯಿತು. ಜನಸಾಮಾನ್ಯರಿಗೆ ಗುಂಡು ಸಿಗದಾಯಿತು. ಆಗ, 1943ರಲ್ಲಿ, ಕ್ಯಾಲಿಫೋರ್ನಿಯಾದ ಒರೊವಿಲ್ ಎಂಬ ಊರಿನ ಫ್ರೆಡ್ ಹಂಟಿಂಗ್‌ಟನ್, ಬಳಸಿ ಬಿಸಾಡಿದ ಸಣ್ಣ ಚಿಪ್ಪುಗಳಿಂದಲೇ ಗುಂಡಿನ ಹೊದಿಕೆ ಒತ್ತಿ ತೆಗೆಯುವ ಅಚ್ಚು ಮಾಡಿದರು. ಅಲ್ಲಿನ ಗುಡ್ಡಗಳಲ್ಲಿ ಬಿಲ ತೋಡುವ ರಾಕ್ ಚಕ್ ಎಂಬ ಪ್ರಾಣಿಯನ್ನು ಹೊಡೆಯಲು ಅಂಥ ಗುಂಡು ಬೇಕಿತ್ತು. ಆ ಪ್ರಾಣಿಯ ಹೆಸರಿನಿಂದಲೇ ಆರ್‌ಸಿಬಿಎಸ್ ಕಂಪನಿಗೆ ಹೆಸರು ಬಂತು. ಅವರ ಎರಕದ ಕಬ್ಬಿಣದ ಪ್ರೆಸ್ಸುಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೋಗುವಷ್ಟು ಗಟ್ಟಿ.

ಆದರೆ ಗಟ್ಟಿ ಮಾಲಿಗೆ ದುಡ್ಡು ಬೇಕಲ್ಲ. ವಿಸ್ಕಾನ್ಸಿನ್ ರಾಜ್ಯದ ರಿಚರ್ಡ್ ಲೀ ಈ ಕಡೆಯಿಂದ ಯೋಚಿಸಿದರು. 1958ರಲ್ಲಿ ಮನೆಯ ವರ್ಕ್‌ಶಾಪಿನಿಂದಲೇ ಒಂದು ಪುಟ್ಟ ಸೆಟ್ ಹೊರತಂದರು. ಆಮೇಲೆ ಬಂದ ರೈಫಲ್ ಸೆಟ್ಟಿಗೆ ಪ್ರೆಸ್ಸೇ ಬೇಡ, ಮರದ ಸುತ್ತಿಗೆ ಸಾಕು. ಆಗ ಅದರ ಬೆಲೆ 10 ಡಾಲರಿಗಿಂತ ಕಡಿಮೆ ಇತ್ತು. ಮುಂದೆ ಅವರ ಕಂಪನಿ ಅಲ್ಯೂಮಿನಿಯಂ ಪ್ರೆಸ್ಸುಗಳನ್ನೂ ಅಗ್ಗಕ್ಕೆ ಮಾರಿತು. ಗ್ಯಾರಂಟಿ ಎರಡು ವರ್ಷ. ಅದು ಮುಗಿದ ಮೇಲೂ, ಈಗ ತಯಾರಾಗುತ್ತಿರುವ ಮಾಲು ಎಷ್ಟೇ ಹಳೆಯದಾಗಿರಲಿ, ಅರ್ಧ ಬೆಲೆ ಕಟ್ಟಿ ಕಳಿಸಿದರೆ ಹೊಸದರಂತೆ ಮಾಡಿ ಕೊಡುತ್ತೇವೆ ಎಂಬ ಮಾತು ಕೊಟ್ಟಿತ್ತು.

ಆರಿಜೋನಾದ ಮೈಕ್ ಡಿಲನ್ ದಾರಿ ಪೂರ್ತಿ ಬೇರೆ. ಅವರು ವಿಮಾನದ ಪೈಲಟ್ ಆಗಿದ್ದವರು. ಒಂದು ಸಲ ಹಿಡಿ ಎಳೆದರೆ ಒಂದು ಪೂರ್ತಿ ತೋಟಾ ಬೀಳುವ ಪ್ರೆಸ್ಸನ್ನು 1980ರ ದಶಕದಲ್ಲಿ ಸಾಮಾನ್ಯ ಗಿರಾಕಿಯ ಕೈಗೆಟಕುವಂತೆ ಮಾಡಿದರು. ಇಂಥ ಯಂತ್ರದಲ್ಲಿ ಚಲಿಸುವ ಭಾಗ ಹೆಚ್ಚು, ತೊಂದರೆಯೂ ಹೆಚ್ಚು. ಕೇಪು ಕೂರಿಸುವ ಭಾಗವಂತೂ ಸ್ವಲ್ಪ ಧೂಳು ಬಿದ್ದರೂ ಮುನಿಸಿಕೊಳ್ಳುತ್ತದೆ. ಡಿಲನ್ ಕೊಟ್ಟದ್ದು ಜೀವಮಾನದ ವಾರಂಟಿ. ನೀವು ಮೊದಲ ಮಾಲೀಕರಾ, ಎರಡನೇ ಕೈಯಲ್ಲಿ ಕೊಂಡಿರಾ ಎಂದು ಕೇಳುವಂತಿಲ್ಲ. ಫೋನ್ ಮಾಡಿದರೆ ಬಿಡಿಭಾಗ ಅಂಚೆಯಲ್ಲಿ ಪುಕ್ಕಟೆ ಬರುತ್ತದೆ.

ಪುಕ್ಕಟೆ ಎನ್ನುವ ಮಾತಿಗೆ ಸ್ವಲ್ಪ ತಡೆಯಿರಿ. ಡಿಲನ್ ಪ್ರೆಸ್ ಲೀ ಪ್ರೆಸ್ಸಿಗಿಂತ ಎಷ್ಟೋ ದುಬಾರಿ. ಮುಂದೆ ಮುರಿಯಬಹುದಾದ ಭಾಗದ ದುಡ್ಡನ್ನು ಗಿರಾಕಿ ಮೊದಲೇ ಕಟ್ಟಿರುತ್ತಾನೆ, ಮುರಿಯಲಿ ಬಿಡಲಿ. ಲೀ ಗಿರಾಕಿ ಮುರಿದಾಗ ಕಟ್ಟುತ್ತಾನೆ. ವರ್ಷಕ್ಕೆ ನೂರು ತೋಟಾ ತುಂಬುವವನಿಗೆ ಲೀ ಲೆಕ್ಕವೇ ಸರಿ ಎಂದು ನನಗೆ ಕಾಣುತ್ತದೆ. ವಾರಕ್ಕೆ ಸಾವಿರ ತುಂಬುವ ಸ್ಪರ್ಧೆಯ ಶೂಟರ್‌ಗೆ ಡಿಲನ್ ಅಗ್ಗ.

ಡಿಲನ್ ಕೂಡ ಒಂದು ಕಡೆ ಗೆರೆ ಎಳೆದಿದ್ದರು. ತೋಟಾ ತುಂಬಿ ಮಾರುವವರಿಗೆಂದು ಮಾಡಿದ 1050 ಎಂಬ ದೊಡ್ಡ ಯಂತ್ರಕ್ಕೆ ಜೀವಮಾನದ ಮಾತಿರಲಿಲ್ಲ, ಒಂದೇ ವರ್ಷ. ಹಗಲು ರಾತ್ರಿ ಓಡುವ ಯಂತ್ರ ಸವೆಯುವುದು ಖಚಿತ, ಅದರ ಖರ್ಚು ಅದರಿಂದ ದುಡಿಯುವವನದೇ ಎಂಬ ಲೆಕ್ಕ. ಅದನ್ನು ಮಾರುವ ಮೊದಲೇ ಕಾಗದದಲ್ಲಿ ಬರೆದು ಕೊಡುತ್ತಿದ್ದರು.